1950ರ ಸಾಲಿನಲ್ಲಿ ಏನು ಬರೆಯಬೇಕು? ವಿಶ್ವಕಪ್ ಇತಿಹಾಸ ಬಲ್ಲವರು ಸ್ವಲ್ಪ ಸಹಾಯ ಮಾಡಿ

ತೀರ್ಥಹಳ್ಳಿ ಪಿಟಿ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಪಿಟಿ ಮೇಷ್ಟ್ರು. ಜೂನ್ 11ಕ್ಕೆ ಫುಟ್‌ಬಾಲ್ ವಿಶ್ವಕಪ್ ಶುರು. ಅಷ್ಟು ಹೊತ್ತಿಗೆ ನಮ್ಮಲ್ಲಿ ಮಳೆ ಹಿಡಿದಿರುತ್ತದೆ. ಮೈದಾನವೆಲ್ಲ ಕೆಸರು, ಪಿಟಿ ಪೀರಿಯಡ್‌ನಲ್ಲಿ ಮಕ್ಕಳು ಕ್ಲಾಸಿನೊಳಗೇ ಕೂರಬೇಕು. ಸುಮ್ನೆ ಕೂರಿಸುವ ಬದಲು ಅವರ ಕೈಲೇ ಒಂದು ದೊಡ್ಡ ಚಾರ್ಟ್ ಮಾಡಿಸುತ್ತಿದ್ದೇನೆ. ಹಳೇ ಕ್ಯಾಲೆಂಡರ್ ಹಾಳೆಗಳನ್ನು ತಿರುಗಿಸಿ ಅಂಟಿಸಿದ್ದೇವೆ. 1930ರಿಂದ 2022ರವರೆಗೆ 22 ವಿಶ್ವಕಪ್, 22 ಸಾಲು. ಯಾವ ವರ್ಷ, ಎಲ್ಲಿ ನಡೆಯಿತು, ಯಾರು ಗೆದ್ದರು, ಕೊನೆಯ ಕಾಲಂನಲ್ಲಿ ನೆನಪಿಡಬೇಕಾದ ಒಂದು ಸಂಗತಿ.

1950ಕ್ಕೆ ಬಂದಾಗ ಒಬ್ಬ ಹುಡುಗ ಎದ್ದು ನಿಂತು ಕೇಳಿದ: "ಸಾರ್, ಆಗ ಭಾರತಕ್ಕೂ ಚಾನ್ಸ್ ಸಿಕ್ಕಿತ್ತಂತೆ. ಬರಿಗಾಲಲ್ಲಿ ಆಡೋಕೆ ಬಿಡಲಿಲ್ಲ ಅಂತ ಹೋಗಲಿಲ್ಲವಂತೆ. ಹೌದಾ?"

ಆ ಕಥೆಯನ್ನು ಅವರಿಗೆಲ್ಲ ಹೇಳಿದವನೇ ನಾನು. ನನಗೆ ನನ್ನ ಮೇಷ್ಟ್ರು ಹೇಳಿದ್ದರು. ಆದರೆ ಚಾರ್ಟ್ ಮೇಲೆ ಮಾರ್ಕರ್‌ನಲ್ಲಿ ಬರೆಯಬೇಕು ಅಂದಾಗ ಕೈ ತಡೆಯಿತು. ಪ್ರಶ್ನೆ ಕೇಳಿದ ಹುಡುಗನ ಕಾಲಲ್ಲೂ ಶೂ ಇರಲಿಲ್ಲ. ನಮ್ಮ ತಂಡದ ಹನ್ನೊಂದು ಮಕ್ಕಳಲ್ಲಿ ಏಳು ಜನ ಬರಿಗಾಲಲ್ಲೇ ಆಡುತ್ತಾರೆ. ಗೊತ್ತಿರುವವರು ದಯವಿಟ್ಟು ಹೇಳಿ, ನಿಜವಾಗಿ ಆಗಿದ್ದೇನು?

ಭದ್ರಾವತಿ ಕ್ವಾರ್ಟರ್ಸ್

ಮೇಷ್ಟ್ರೇ, ಬರೆಯುವ ಮೊದಲು ಕೇಳಿದ್ದು ಒಳ್ಳೆಯದಾಯಿತು. ಆ ಕಥೆ ಪೂರ್ತಿ ಸುಳ್ಳಲ್ಲ, ಆದರೆ ಕಾರಣ ಅದಲ್ಲ.

ಏಷ್ಯಾದ ಗುಂಪಿನಲ್ಲಿ ಭಾರತದ ಜೊತೆ ಬರ್ಮಾ, ಇಂಡೋನೇಷ್ಯಾ, ಫಿಲಿಪ್ಪೀನ್ಸ್ ಇದ್ದವು. ಮೂರೂ ಹಿಂದೆ ಸರಿದವು. ಹಾಗಾಗಿ ಒಂದೂ ಪಂದ್ಯ ಆಡದೆ ಭಾರತಕ್ಕೆ ಜಾಗ ಸಿಕ್ಕಿತು. ಗುಂಪು ವಿಂಗಡಿಸುವ ಡ್ರಾನಲ್ಲಿ ನಮ್ಮ ಹೆಸರೂ ಬಂತು: ಇಟಲಿ, ಸ್ವೀಡನ್, ಪರಾಗ್ವೆ ಇದ್ದ ಗುಂಪು. ಆಮೇಲೆ ನಮ್ಮ ಫುಟ್‌ಬಾಲ್ ಫೆಡರೇಷನ್ನೇ ಬರುವುದಿಲ್ಲ ಅಂತ ಹೇಳಿತು. ಅಭ್ಯಾಸಕ್ಕೆ ಸಮಯ ಇಲ್ಲ, ತಂಡದ ಆಯ್ಕೆಯಲ್ಲಿ ತಕರಾರು, ದೂರದ ಪ್ರಯಾಣ, ಇವು ಆಗ ಕೇಳಿಬಂದ ಕಾರಣಗಳು. ಪ್ರಯಾಣದ ಖರ್ಚಿನಲ್ಲಿ ದೊಡ್ಡ ಪಾಲು ಕೊಡುತ್ತೇವೆ ಅಂತ ಬ್ರೆಜಿಲ್‌ನವರು ಹೇಳಿದ್ದರು. ಆದರೂ ಹೋಗಲಿಲ್ಲ. ನಿಜವಾದ ಕಾರಣ ಸರಳ. ಆಗ ನಮ್ಮವರಿಗೆ ಒಲಿಂಪಿಕ್ಸ್ ಒಂದೇ ದೊಡ್ಡದು. ವಿಶ್ವಕಪ್ ಯಾರ ಲೆಕ್ಕಕ್ಕೂ ಇರಲಿಲ್ಲ. ಆಗಿನ ನಾಯಕ ಶೈಲೇನ್ ಮನ್ನಾ ಅವರೇ ಎಷ್ಟೋ ವರ್ಷ ಆದಮೇಲೆ ಇದನ್ನು ಹೇಳಿದ್ದಾರೆ.

ಬರಿಗಾಲಿನ ಮಾತು ಎಲ್ಲಿಂದ ಬಂತು ಅಂದರೆ 1948ರ ಲಂಡನ್ ಒಲಿಂಪಿಕ್ಸ್‌ನಿಂದ. ಅಲ್ಲಿ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಫ್ರಾನ್ಸ್ ಎದುರು ಆಡಿದರು. 1-2ರಲ್ಲಿ ಸೋತರು, ಅದೂ ಸಿಕ್ಕಿದ ಎರಡು ಪೆನಾಲ್ಟಿ ಹಾಳುಮಾಡಿಕೊಂಡು. ನಮ್ಮ ಆ ಒಂದು ಗೋಲು ಹೊಡೆದವರು ಮೈಸೂರು ತಂಡದ ಸಾರಂಗಪಾಣಿ ರಾಮನ್. ನಮ್ಮ ನಾಡಿನ ಆಟಗಾರ. ಇದನ್ನೂ ಮಕ್ಕಳಿಗೆ ಹೇಳಿ ಮೇಷ್ಟ್ರೇ, ಇದು ಯಾರಿಗೂ ಗೊತ್ತಿಲ್ಲ.

ಸಾಗರದ ತೋಟದಿಂದ

ಭದ್ರಾವತಿಯವರು ಹೇಳಿದ್ದು ಸರಿ ಇರಬಹುದು. ಆದರೆ ಆಗಿನವರನ್ನು ಇಷ್ಟು ಸುಲಭವಾಗಿ ದೂರಬಾರದು ಅನ್ನಿಸುತ್ತದೆ. ಸ್ವಾತಂತ್ರ್ಯ ಬಂದು ಮೂರೇ ವರ್ಷ. ದೇಶ ಒಡೆದು ಲಕ್ಷಾಂತರ ಜನ ಮನೆಮಠ ಕಳೆದುಕೊಂಡಿದ್ದರು. ಅಂಥ ಹೊತ್ತಿನಲ್ಲಿ ಹಡಗು ಹತ್ತಿ ಬ್ರೆಜಿಲ್‌ಗೆ ಚೆಂಡಾಡಲು ಹೋಗಿ ಅಂತ ಯಾರು ಹೇಳುತ್ತಾರೆ? ಹೋಗಿದ್ದರೂ ಇಟಲಿ ಕೈಲಿ ಏಳೆಂಟು ಗೋಲು ತಿಂದು ಬರುತ್ತಿದ್ದರು.

ಇನ್ನೊಂದು ಮಾತು. ಹೋಗದೇ ಇದ್ದವರು ನಾವೊಬ್ಬರೇ ಅಲ್ಲ. ಸ್ಕಾಟ್ಲೆಂಡ್, ಟರ್ಕಿ, ಫ್ರಾನ್ಸ್ ಕೂಡ ಹಿಂದೆ ಸರಿದಿದ್ದವು. 16 ತಂಡಗಳ ಜಾಗದಲ್ಲಿ 13 ಮಾತ್ರ ಆಡಿದವು. ಒಂದು ಗುಂಪಿನಲ್ಲಿ ಉರುಗ್ವೆ, ಬೊಲಿವಿಯಾ ಎರಡೇ ತಂಡ. ಉರುಗ್ವೆ ಒಂದೇ ಪಂದ್ಯ 8-0 ಗೆದ್ದು ಮುಂದಿನ ಸುತ್ತಿಗೆ ಹೋಯಿತು, ಕೊನೆಗೆ ಕಪ್ಪನ್ನೂ ಗೆದ್ದಿತು. ಆಗಿನ ವಿಶ್ವಕಪ್ ಅಂದರೆ ಅಷ್ಟೇ ಇತ್ತು. ಈಗಿನ ಕಣ್ಣಿನಿಂದ ಅಳೆಯಬಾರದು, ಅಲ್ವಾ?

ಭದ್ರಾವತಿ ಕ್ವಾರ್ಟರ್ಸ್

ಸಾಗರದವರೇ, ನಿಮ್ಮ ಮಾತಿಗೆ ಗೌರವ ಇದೆ. ಆದರೆ ಇಲ್ಲಿ ನಾನು ಬಿಟ್ಟುಕೊಡುವುದಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲ ವಿಶ್ವಕಪ್ ತೆಗೆದುಕೊಳ್ಳಿ. 1930, ಉರುಗ್ವೆ. ಯುರೋಪಿನಿಂದ ಬಂದದ್ದು ನಾಲ್ಕೇ ತಂಡ. ಫ್ರಾನ್ಸ್, ಬೆಲ್ಜಿಯಂ, ರೊಮೇನಿಯಾ ಮೂರೂ ಕಾಂಟೆ ವೆರ್ಡೆ ಅನ್ನುವ ಒಂದೇ ಹಡಗಿನಲ್ಲಿ. ಕಪ್ಪನ್ನು ಇಟ್ಟುಕೊಂಡು ಫಿಫಾ ಅಧ್ಯಕ್ಷ ಜೂಲ್ಸ್ ರಿಮೆ ಕೂಡ ಅದರಲ್ಲೇ. ಸುಮಾರು ಎರಡು ವಾರದ ಪ್ರಯಾಣ. ಅಭ್ಯಾಸವೆಲ್ಲ ಹಡಗಿನ ಡೆಕ್ ಮೇಲೆ. ವಿಶ್ವಕಪ್ ಚರಿತ್ರೆಯ ಮೊದಲ ಗೋಲು ಹೊಡೆದ ಲೂಸಿಯೆನ್ ಲಾರೆಂಟ್ ಪ್ಯೂಜೊ ಕಾರು ಕಾರ್ಖಾನೆಯ ಕೆಲಸಗಾರ. ರಜೆ ಕೇಳಿಕೊಂಡು ಬಂದಿದ್ದರು. ನಾನು ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿ ಬೆಳೆದವನು. ನಮ್ಮಪ್ಪ ಎ ಶಿಫ್ಟ್ ಮುಗಿಸಿ ಮನೆಗೆ ಬಂದು, ಒಂದು ಲೋಟ ಕಾಫಿ ಕುಡಿದು ಮೈದಾನಕ್ಕೆ ಹೋಗುತ್ತಿದ್ದರು. ಅವರ ಬೂಟಿನ ಅಡಿ ಸವೆದು, ಒಳಗೆ ರಟ್ಟು ಕತ್ತರಿಸಿ ಹಾಕಿಕೊಳ್ಳುತ್ತಿದ್ದರು. ಲಾರೆಂಟ್ ಹೆಸರು ಓದಿದಾಗೆಲ್ಲ ನನಗೆ ಆ ರಟ್ಟು ನೆನಪಾಗುತ್ತದೆ.

ಇನ್ನು 1950. ನೀವು ಇಟಲಿ ಅಂದಿರಿ. ಅದರ ಹಿಂದಿನ ವರ್ಷ, 1949ರ ಮೇ ತಿಂಗಳಲ್ಲಿ, ಸುಪೆರ್ಗಾ ಬೆಟ್ಟಕ್ಕೆ ವಿಮಾನ ಬಡಿದು ಟೊರಿನೊ ಕ್ಲಬ್‌ನ ಇಡೀ ತಂಡ ಸತ್ತಿತು. ಇಟಲಿ ತಂಡದ ಬೆನ್ನೆಲುಬೇ ಅವರು. ಆದರೂ ಇಟಲಿ ಬಂತು. ವಿಮಾನ ಬೇಡ ಅಂತ ಹಡಗಿನಲ್ಲಿ ಬಂತು. ಸ್ವೀಡನ್ ಎದುರು 2-3ರಲ್ಲಿ ಸೋತು ಮನೆಗೂ ಹೋಯಿತು.

ಅದೇ ವರ್ಷ ಜೂನ್ 29, ಬೆಲೊ ಹೊರಿಜಾಂಟೆ. ಅಮೆರಿಕದ ಹವ್ಯಾಸಿ ತಂಡ ಇಂಗ್ಲೆಂಡನ್ನು 1-0 ಸೋಲಿಸಿತು. ಗೋಲ್‌ಕೀಪರ್ ಶವ ಸಾಗಿಸುವ ಗಾಡಿ ಓಡಿಸುತ್ತಿದ್ದವರು. ಗೋಲು ಹೊಡೆದ ಜೋ ಗೇಟ್ಜೆನ್ಸ್ ಹೈಟಿಯವರು, ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಪಾತ್ರೆ ತೊಳೆದು ಓದುತ್ತಿದ್ದವರು. ಆ ಚೆಂಡನ್ನು ದೂರದಿಂದ ಒದ್ದವರು ವಾಲ್ಟರ್ ಬಾರ್. ಅವರು ಏನು ಕೆಲಸ ಮಾಡುತ್ತಿದ್ದರು ಗೊತ್ತಾ ಮೇಷ್ಟ್ರೇ? ಸ್ಕೂಲ್ ಮೇಷ್ಟ್ರು.

ಕೊನೆಯದಾಗಿ ಏಳೆಂಟು ಗೋಲಿನ ಮಾತು. ದಕ್ಷಿಣ ಕೊರಿಯಾ 1954ರಲ್ಲಿ ಮೊದಲ ಸಲ ಹೋಯಿತು. ಯುದ್ಧ ನಿಂತು ಒಂದು ವರ್ಷವೂ ಆಗಿರಲಿಲ್ಲ, ದೇಶ ಸುಟ್ಟು ಹೋಗಿತ್ತು. ಹಂಗರಿ 9-0 ಹೊಡೆಯಿತು. ಟರ್ಕಿ 7-0. ಎರಡು ಪಂದ್ಯ, 16 ಗೋಲು ತಿಂದು ವಾಪಸ್. ಇದೇ ಕೊರಿಯಾವನ್ನು ಭಾರತ 1962ರ ಜಕಾರ್ತಾ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ 2-1 ಸೋಲಿಸಿತು. ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಸಿಂಗ್ ಒಂದು ಗೋಲು. ಅಂದರೆ ನಾವು ಅವರಿಗಿಂತ ಕಡಿಮೆ ಇರಲಿಲ್ಲ. ಆದರೆ ಅವರು ಮತ್ತೆ ಮತ್ತೆ ಬಾಗಿಲು ಬಡಿದರು. 1986ರಿಂದ ಇಲ್ಲಿಯವರೆಗೆ ಒಂದು ವಿಶ್ವಕಪ್ ಕೂಡ ತಪ್ಪಿಸಿಲ್ಲ. 2002ರಲ್ಲಿ ಸೆಮಿಫೈನಲ್ ಆಡಿದರು. 16 ಗೋಲು ತಿಂದು 48 ವರ್ಷ ಆದಮೇಲೆ.

ಸೋಲುತ್ತಿದ್ದೆವು, ಖಂಡಿತ. ಆದರೆ ಹೋಗಬೇಕಿತ್ತು ಸಾಗರದವರೇ.

ಸಾಗರದ ತೋಟದಿಂದ

ಕೊರಿಯಾದ ಲೆಕ್ಕ ನನಗೆ ಗೊತ್ತಿರಲಿಲ್ಲ. ಯುದ್ಧ ಮುಗಿದ ಮರುವರ್ಷವೇ ಬಂದಿದ್ದರು ಅಂದಮೇಲೆ ನನ್ನ ವಾದಕ್ಕೆ ಅಷ್ಟು ಬಲ ಇಲ್ಲ. ಒಪ್ಪಿದೆ. ಆದರೆ ಆ ಆಟಗಾರರನ್ನು ದೂರಬೇಡಿ, ನಿರ್ಧಾರ ಮಾಡಿದವರು ಬೇರೆ. ಅದೇ ಆಟಗಾರರು 1951ರಲ್ಲಿ ದೆಹಲಿಯಲ್ಲಿ ಇರಾನನ್ನು 1-0 ಸೋಲಿಸಿ ಮೊದಲ ಏಷ್ಯನ್ ಗೇಮ್ಸ್ ಚಿನ್ನ ಗೆದ್ದರು.

ಹೊಸನಗರದಕ್ಕ

ಮೇಷ್ಟ್ರೇ, 1990ರ ಸಾಲಿಗೆ ನಾನು ಹೇಳುತ್ತೇನೆ. ನಾನಾಗ ಏಳನೇ ಕ್ಲಾಸು. ನಮ್ಮ ಕೇರಿಯಲ್ಲಿ ಟಿವಿ ಇದ್ದದ್ದು ಒಂದೇ ಮನೆಯಲ್ಲಿ. ಮಳೆಗಾಲ, ಜೂನ್ 8. ಆಂಟೆನಾ ಕಟ್ಟಿದ್ದು ಅಡಿಕೆ ಮರಕ್ಕೆ. ಗಾಳಿ ಬಂದಾಗೆಲ್ಲ ಮರ ತೂಗುತ್ತಿತ್ತು, ಚಿತ್ರ ಹೋಗಿ ಬರೀ ಚುಕ್ಕೆ. ನಮ್ಮಣ್ಣ ಕಂಬಳಿಕೊಪ್ಪೆ ಹಾಕಿಕೊಂಡು ಮರ ಹಿಡಿದು ನಿಂತಿದ್ದ. ಒಳಗಿಂದ "ಬಂತು, ಬಂತು, ಹಾಗೇ ಹಿಡ್ಕೋ" ಅಂತ ಕೂಗು.

ಅರ್ಜೆಂಟೀನಾ ಎದುರು ಕ್ಯಾಮರೂನ್. ಮರಡೋನಾ ಇದ್ದ ತಂಡ, ಹಿಂದಿನ ಸಲದ ಚಾಂಪಿಯನ್. ಕ್ಯಾಮರೂನ್‌ನ ಒಬ್ಬ ಆಟಗಾರನಿಗೆ ಕೆಂಪು ಕಾರ್ಡ್ ಆಯಿತು. ಆರು ನಿಮಿಷ ಕಳೆಯುವಷ್ಟರಲ್ಲಿ ಅವನ ಅಣ್ಣತಮ್ಮನೇ, ಒಮಾಮ್ ಬಿಯಿಕ್, ಎಲ್ಲರಿಗಿಂತ ಎತ್ತರ ಹಾರಿ ತಲೆಯಿಂದ ಗೋಲು ಹೊಡೆದ. ಕೀಪರ್ ಕೈಗೆ ಬಂದ ಚೆಂಡು ಜಾರಿ ಒಳಗೆ ಹೋಯಿತು. ಕೊನೆಗೆ ಒಂಬತ್ತೇ ಜನ ಉಳಿದರೂ 1-0 ಗೆದ್ದರು. ಅಣ್ಣ ಮರ ಬಿಟ್ಟು ಓಡಿ ಬಂದ, ಚಿತ್ರ ಹೋಯಿತು. ಯಾರೂ ಬೈಯಲಿಲ್ಲ.

ಆ ತಂಡ ಕ್ವಾರ್ಟರ್ ಫೈನಲ್‌ವರೆಗೆ ಹೋಯಿತು, ಆಫ್ರಿಕಾದಿಂದ ಅಷ್ಟು ದೂರ ಹೋದ ಮೊದಲ ತಂಡ ಅದೇ. ರೋಜರ್ ಮಿಲ್ಲಾ ಗೋಲು ಹೊಡೆದು ಮೂಲೆಯ ಬಾವುಟದ ಹತ್ತಿರ ಕುಣಿಯುತ್ತಿದ್ದರಲ್ಲ, ಆಗ ಅವರಿಗೆ 38 ವರ್ಷ.

ಒಂದು ವಿನಂತಿ. ನಿಮ್ಮ ಚಾರ್ಟಿನಲ್ಲಿ ಹೆಣ್ಣುಮಕ್ಕಳ ವಿಶ್ವಕಪ್ ಇದೆಯಾ? 1991ರಲ್ಲಿ ಚೀನಾದಲ್ಲಿ ಶುರುವಾಯಿತು, ಫೈನಲ್‌ನಲ್ಲಿ ಅಮೆರಿಕ ನಾರ್ವೆಯನ್ನು 2-1 ಸೋಲಿಸಿತು. ನಮ್ಮ ದೇಶದ ಹೆಣ್ಣುಮಕ್ಕಳು 2025ರ ಜುಲೈಯಲ್ಲಿ ಥಾಯ್ಲೆಂಡನ್ನು ಅವರ ನೆಲದಲ್ಲೇ 2-1 ಸೋಲಿಸಿ ಏಷ್ಯನ್ ಕಪ್‌ಗೆ ಹೋದರು. ಎರಡೂ ಗೋಲು ಸಂಗೀತಾ ಬಸ್ಫೋರ್ ಅವರದು. ನಿಮ್ಮ ಕ್ಲಾಸಿನಲ್ಲಿ ಹುಡುಗಿಯರೂ ಇದ್ದಾರೆ, ಅಲ್ವಾ?

ತೀರ್ಥಹಳ್ಳಿ ಪಿಟಿ ಮೇಷ್ಟ್ರು

ಅಕ್ಕ, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ನನಗೆ ಹೊಳೆದೇ ಇರಲಿಲ್ಲ, ತಪ್ಪು ನನ್ನದು. ಪಕ್ಕದ ಗೋಡೆಗೆ ಇನ್ನೊಂದು ಹಾಳೆ ಇವತ್ತೇ ಅಂಟಿಸುತ್ತೇವೆ. ನಮ್ಮಲ್ಲಿ ಅತಿ ಚೆನ್ನಾಗಿ ಗೋಲ್‌ಕೀಪಿಂಗ್ ಮಾಡುವವಳೂ ಒಬ್ಬ ಹುಡುಗಿಯೇ.

ಶಿವಮೊಗ್ಗದ ಹಳಬ

1986ರ ಸಾಲಿಗೆ ಎಲ್ಲರೂ ಇಂಗ್ಲೆಂಡ್ ಎದುರು ಮರಡೋನಾ ಕೈಯಿಂದ ತಳ್ಳಿದ ಗೋಲನ್ನೇ ಹೇಳುತ್ತಾರೆ. ಮಕ್ಕಳಿಗೆ ಅದನ್ನಲ್ಲ, ಎರಡನೆಯದನ್ನು ಹೇಳಿ. ಜೂನ್ 22, ಮೆಕ್ಸಿಕೋದ ಅಜ್ಟೆಕಾ ಸ್ಟೇಡಿಯಂ. ಅಲ್ಲಿ ನಡು ಮಧ್ಯಾಹ್ನ, ನಮಗೆ ರಾತ್ರಿ ಹನ್ನೊಂದೂವರೆ. ಮೊದಲ ಗೋಲಾಗಿ ನಾಲ್ಕು ನಿಮಿಷಕ್ಕೆ ತನ್ನದೇ ಅರ್ಧದಿಂದ ಚೆಂಡು ಹಿಡಿದು ಹೊರಟ ಆತ. ಒಬ್ಬೊಬ್ಬರನ್ನೇ ದಾಟಿ, ಕೊನೆಗೆ ಕೀಪರ್ ಶಿಲ್ಟನ್‌ನನ್ನೂ ದಾಟಿ ಒಳಗೆ ಹಾಕಿದ. ದುರ್ಗಿಗುಡಿಯ ನಮ್ಮ ಪರಿಚಯದವರ ಮನೆಯಲ್ಲಿ ನೆಲದ ಮೇಲೆ ಚಾಪೆ ಹಾಸಿ ನಲವತ್ತು ಜನ ಕೂತಿದ್ದೆವು. ಆ ಗೋಲಿಗೆ ಕೂಗಲು ನಮಗೆ ಒಂದು ಕ್ಷಣ ಜಾಸ್ತಿಯೇ ಹಿಡಿಯಿತು. ನೋಡಿದ್ದು ಏನು ಅಂತ ತಲೆಗೆ ಹೋಗಬೇಕಿತ್ತು.

ಈ ಸಲ ಮೊದಲ ಪಂದ್ಯ ಅದೇ ಅಜ್ಟೆಕಾದಲ್ಲಿ. 1970, 1986, ಈಗ 2026. ಮೂರು ವಿಶ್ವಕಪ್ ಕಂಡ ಮೊದಲ ಸ್ಟೇಡಿಯಂ ಅದು. ಮೆಕ್ಸಿಕೋ ಎದುರು ದಕ್ಷಿಣ ಆಫ್ರಿಕಾ. ನಮ್ಮ ಗಡಿಯಾರದಲ್ಲಿ 11ರ ರಾತ್ರಿ ಕಳೆದು ಹನ್ನೆರಡೂವರೆಗೆ. ಈಗ ನನಗೆ ಅರವತ್ತೈದು. ಎದ್ದೇ ಇರುತ್ತೇನೆ.

ರಿಪ್ಪನ್‌ಪೇಟೆ

ವಿಶ್ವಕಪ್ ಯಾವಾಗಲೂ ಬರುವುದು ನಮ್ಮ ಔಷಧಿ ಹೊಡೆಯುವ ಟೈಮಿಗೆ. ಕೊಳೆರೋಗಕ್ಕೆ ಬೋರ್ಡೋ ಹೊಡೆಸಬೇಕು, ಮಳೆ ಬಿಡುವು ಕೊಡಬೇಕು, ಆಳು ಸಿಗಬೇಕು. ರಾತ್ರಿ ಮ್ಯಾಚ್ ನೋಡೋಣ ಅಂದರೆ ಲೈನ್ ಮೇಲೆ ಮರ ಬಿದ್ದು ಕರೆಂಟ್ ಇರುವುದಿಲ್ಲ. 2014ರ ಸೆಮಿಫೈನಲ್, ಜರ್ಮನಿ ಬ್ರೆಜಿಲ್‌ಗೆ ಅವರ ನೆಲದಲ್ಲೇ 7-1 ಹೊಡೆದದ್ದು, ನಮಗೆ ಗೊತ್ತಾಗಿದ್ದು ಮರುದಿನ ಹಾಲಿನ ಡೈರಿಯಲ್ಲಿ. ಸ್ಕೋರ್ ಉಲ್ಟಾ ಹೇಳುತ್ತಿದ್ದಾರೆ ಅಂದುಕೊಂಡೆ.

2022ರದ್ದು ಮಾತ್ರ ಬೇರೆ. ಕತಾರಿನ ಸೆಕೆಗೆ ಹೆದರಿ ನವೆಂಬರ್-ಡಿಸೆಂಬರ್‌ಗೆ ಇಟ್ಟರು. ನಮಗೆ ಅದು ಅಡಿಕೆ ಸುಲಿಯುವ ಕಾಲ. ಡಿಸೆಂಬರ್ 18ರ ಫೈನಲ್ ರಾತ್ರಿ ಎಂಟೂವರೆಗೆ. ಅಂಗಳದ ಚಪ್ಪರಕ್ಕೇ ಟಿವಿ ತಂದಿಟ್ಟೆವು. ಹನ್ನೆರಡು ಜನ ಮೆಟ್ಟುಗತ್ತಿ ಮುಂದೆ ಕೂತು ಸುಲಿಯುತ್ತಿದ್ದರು. ಅರ್ಜೆಂಟೀನಾಗೆ ಮೆಸ್ಸಿ ಒಂದು, ಡಿ ಮಾರಿಯಾ ಒಂದು, 2-0. ಎಲ್ಲರಿಗೂ ಮುಗಿಯಿತು ಅನ್ನಿಸಿ ಕೈ ಜೋರಾಗಿ ಓಡುತ್ತಿತ್ತು. 80ನೇ ನಿಮಿಷದಲ್ಲಿ ಫ್ರಾನ್ಸಿನ ಎಂಬಾಪೆ ಪೆನಾಲ್ಟಿ ಗೋಲು. ಇನ್ನೂ 97 ಸೆಕೆಂಡು ಆಗಿರಲಿಲ್ಲ ಅನ್ನುವಷ್ಟರಲ್ಲಿ ಇನ್ನೊಂದು. ಅಷ್ಟೂ ಕತ್ತಿಗಳ ಸದ್ದು ಒಟ್ಟಿಗೇ ನಿಂತಿತು. ನನ್ನ ನೆನಪಿನಲ್ಲಿ ಸುಲಿತದ ಚಪ್ಪರ ಅಷ್ಟು ಮೌನವಾಗಿದ್ದದ್ದು ಅದೇ ಮೊದಲು. 3-3 ಆಗಿ ಪೆನಾಲ್ಟಿಯಲ್ಲಿ ಅರ್ಜೆಂಟೀನಾ 4-2 ಗೆಲ್ಲುವ ಹೊತ್ತಿಗೆ ಹನ್ನೊಂದು ಗಂಟೆ ದಾಟಿತ್ತು. ಸುಲಿಯಲು ಬಂದಿದ್ದ ಒಬ್ಬ ಅಜ್ಜಿ ಎಂಬಾಪೆಯನ್ನೇ ನೋಡುತ್ತಾ "ಮೂರು ಹೊಡೆದೂ ಸೋತನಲ್ಲ ಮಗು" ಅಂತ ಕಣ್ಣು ಒರೆಸಿಕೊಂಡರು. ಗಂಡಸರ ಫೈನಲ್‌ನಲ್ಲಿ ಮೂರು ಗೋಲು ಹೊಡೆದವರು ಅವನಿಗಿಂತ ಮುಂಚೆ ಒಬ್ಬರೇ, 1966ರಲ್ಲಿ ಇಂಗ್ಲೆಂಡಿನ ಜೆಫ್ ಹರ್ಸ್ಟ್. ಹರ್ಸ್ಟ್ ಗೆದ್ದಿದ್ದರು.

ನವುಲೆಯಿಂದ

ನಾನು ಚಿಕ್ಕವನು, ಹಳೆಯದು ನೋಡಿಲ್ಲ. ಆದರೆ ಮಕ್ಕಳಿಗೆ ಹೇಳಲು ಒಂದು ಲೆಕ್ಕ ಇದೆ ಸಾರ್. ಈ ಸಲ 48 ತಂಡ, 104 ಪಂದ್ಯ. ಕುರಸಾವ್ ಅನ್ನುವ ಕೆರಿಬಿಯನ್ ದ್ವೀಪ ಮೊದಲ ಸಲ ಬರುತ್ತಿದೆ. ಅಲ್ಲಿನ ಜನಸಂಖ್ಯೆ ಸುಮಾರು ಒಂದೂವರೆ ಲಕ್ಷ. ನಮ್ಮ ಶಿವಮೊಗ್ಗ ಸಿಟಿಯೇ 2011ರ ಗಣತಿಯಲ್ಲಿ 3.2 ಲಕ್ಷ ದಾಟಿತ್ತು. ಅಂದರೆ ನಮ್ಮ ಅರ್ಧ ಊರು! ವಿಶ್ವಕಪ್ಪಿಗೆ ಬಂದ ದೇಶಗಳಲ್ಲೇ ಅತಿ ಚಿಕ್ಕದು ಅದು. ಜೋರ್ಡಾನ್, ಉಜ್ಬೇಕಿಸ್ತಾನ್, ಕೇಪ್ ವರ್ಡೆಗೂ ಇದೇ ಮೊದಲು.

ನಾವು ಮಾತ್ರ 2027ರ ಏಷ್ಯನ್ ಕಪ್‌ಗೂ ಹೋಗಲಿಲ್ಲ, ಸಿಂಗಾಪುರದ ಎದುರು ಸೋತು. ತುಂಬಾ ಬೇಜಾರಾಗುತ್ತದೆ. 1964ರಲ್ಲಿ ಇದೇ ಏಷ್ಯನ್ ಕಪ್‌ನಲ್ಲಿ ಎರಡನೇ ಸ್ಥಾನ ಬಂದ ದೇಶ ನಮ್ಮದು.

ಆದರೆ ಫಿಫಾ ವಿಶ್ವಕಪ್ಪಿನಲ್ಲಿ ಭಾರತಕ್ಕೆ ಒಂದು ಗೋಲಂತೂ ಇದೆ. 2017, ದೆಹಲಿ, 17 ವರ್ಷದೊಳಗಿನವರ ವಿಶ್ವಕಪ್. ಕೊಲಂಬಿಯಾ ಎದುರು ಕಾರ್ನರ್‌ನಿಂದ ಬಂದ ಚೆಂಡಿಗೆ ಮಣಿಪುರದ ಜೀಕ್ಸನ್ ಸಿಂಗ್ ತಲೆ ಕೊಟ್ಟರು. 1-2 ಸೋತೆವು. ಆದರೆ ಆ ಗೋಲಿನ ವಿಡಿಯೋ ಮಕ್ಕಳಿಗೆ ತೋರಿಸಿ ಸಾರ್, ಪ್ಲೀಸ್.

ಸಾಗರದ ತೋಟದಿಂದ

ಮೇಷ್ಟ್ರೇ, ನನ್ನದೊಂದು ಸೇರಿಸಿ. ಬರಿಗಾಲಿನ ಪ್ರಶ್ನೆ ಕೇಳಿದ ಹುಡುಗನಿಗೆ ಮುಂದಿನ ಕಥೆಯನ್ನೂ ಹೇಳಬೇಕು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ನಮಗೆ 10-1 ಹೊಡೆಯಿತು. ಆಮೇಲೆ ಬೂಟು ಕಡ್ಡಾಯ ಮಾಡಿದರು. ನಾಲ್ಕೇ ವರ್ಷದಲ್ಲಿ, 1956ರ ಮೆಲ್ಬರ್ನ್‌ನಲ್ಲಿ, ಆಸ್ಟ್ರೇಲಿಯಾವನ್ನು 4-2 ಸೋಲಿಸಿ ಸೆಮಿಫೈನಲ್‌ಗೆ ಹೋದೆವು. ನೆವಿಲ್ ಡಿಸೋಜಾ ಮೂರು ಗೋಲು. ಕೊನೆಗೆ ನಾಲ್ಕನೇ ಸ್ಥಾನ. ಬೂಟು ಕಲಿಯಲು ನಮಗೆ ನಾಲ್ಕು ವರ್ಷ ಸಾಕಾಯಿತು. ನಿಮ್ಮ ಏಳು ಮಕ್ಕಳ ಕಾಲಿನ ಅಳತೆ ನನಗೆ ಮೆಸೇಜ್ ಮಾಡಿ. ಈ ಸಲ ಅಡಿಕೆ ದರ ಪರವಾಗಿಲ್ಲ.

ಭದ್ರಾವತಿ ಕ್ವಾರ್ಟರ್ಸ್

ಅದರಲ್ಲಿ ಎರಡು ಜೊತೆ ನನ್ನ ಲೆಕ್ಕಕ್ಕೆ ಇರಲಿ ಸಾಗರದವರೇ.

ತೀರ್ಥಹಳ್ಳಿ ಪಿಟಿ ಮೇಷ್ಟ್ರು

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ. ಇವತ್ತು ಕ್ಲಾಸಿನಲ್ಲಿ ಮೊದಲು ನನ್ನ ತಪ್ಪನ್ನು ಹೇಳಿದೆ. ಇಷ್ಟು ವರ್ಷ ನಾನು ಹೇಳಿದ ಕಥೆ ಸರಿ ಇರಲಿಲ್ಲ, ಶೂ ಇಲ್ಲ ಅಂತ ಯಾರೂ ನಮ್ಮನ್ನು ಹೊರಗೆ ನಿಲ್ಲಿಸಲಿಲ್ಲ, ನಾವೇ ಹೋಗಲಿಲ್ಲ ಅಂದೆ. ಪ್ರಶ್ನೆ ಕೇಳಿದ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಹಾಗಾದ್ರೆ ಕೊರಿಯಾ ಹೇಗೆ ಹೋಯ್ತು ಸಾರ್?" ಅಂತ ಕೇಳಿದ. ಪೀರಿಯಡ್ ಪೂರ್ತಿ ಅದಕ್ಕೇ ಹೋಯಿತು.

1950ರ ಸಾಲನ್ನು ಮಕ್ಕಳೇ ಕೂತು ಬರೆದರು: "ಬ್ರೆಜಿಲ್. ಗೆದ್ದವರು ಉರುಗ್ವೆ. ಮರಕಾನಾದಲ್ಲಿ ಜುಲೈ 16ರಂದು ಸುಮಾರು ಎರಡು ಲಕ್ಷ ಜನರ ಮುಂದೆ ಬ್ರೆಜಿಲ್ 1-2 ಸೋತಿತು, ಆಮೇಲೆ ಬಿಳಿ ಅಂಗಿ ಬಿಟ್ಟು ಹಳದಿ ಹಾಕಿತು. ಭಾರತಕ್ಕೆ ಜಾಗ ಇತ್ತು. ನಾವು ಹೋಗಲಿಲ್ಲ. ಶೈಲೇನ್ ಮನ್ನಾ ನಾಯಕ."

ಒಂದು ಸಾಲಿನಲ್ಲಿ ಹಿಡಿಸಲಿಲ್ಲ. ನಮ್ಮ ಗೋಲ್‌ಕೀಪರ್ ಹುಡುಗಿಯ ಅಕ್ಷರ ಚೆನ್ನಾಗಿದೆ ಅಂತ ಅವಳ ಕೈಲೇ ಬರೆಸಿದ್ದು. ಅವಳು ಗೆರೆ ಅಳಿಸಿ ಮೂರು ಸಾಲಿನ ಜಾಗ ಮಾಡಿದಳು. ಈಗ 1954ರಿಂದ ಕೆಳಗಿನ ಎಲ್ಲ ಗೆರೆಗಳನ್ನೂ ಹೊಸದಾಗಿ ಎಳೆಯಬೇಕು. ಶನಿವಾರ ಮಧ್ಯಾಹ್ನ ಸ್ಕೇಲ್ ತರುತ್ತೇವೆ ಅಂದಿದ್ದಾರೆ.